ಕೇಪಿನ ಕೋವಿಗೆ ತೋಟಾ ಹಾಕಿದವರು

ಹೋದ ಚಳಿಗಾಲದ ಒಂದು ಶನಿವಾರ ಇಲ್ಲಿ ಅಮೆರಿಕದ ಶೂಟಿಂಗ್ ರೇಂಜಿನಲ್ಲಿ, ಪಕ್ಕದ ಮೇಜಿನ ಹಿರಿಯರೊಬ್ಬರು ನನ್ನ ರಿವಾಲ್ವರನ್ನು ಬಹಳ ಹೊತ್ತು ನೋಡುತ್ತಾ ನಿಂತರು. 1858ರ ರೆಮಿಂಗ್ಟನ್ ಮಾದರಿಯ ಇಟಾಲಿಯನ್ ಪ್ರತಿಕೃತಿ ಅದು. ಹುಟ್ಟಿನಿಂದ ಕೇಪಿನ ಕೋವಿ, ಎಂದರೆ ಮದ್ದು ಗುಂಡು ಬಿಡಿಬಿಡಿಯಾಗಿ ತುಂಬಿ, ಹಿಂದೆ ಸಿಡಿಯುವ ಪುಟ್ಟ ಟೊಪ್ಪಿಯಂಥ ಕೇಪು ಇಟ್ಟು ಹೊಡೆಯುವುದು. ನಾನು ಅದರ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ತೆಗೆದು, ತೋಟಾ (ಮದ್ದು, ಗುಂಡು, ಕೇಪು ಎಲ್ಲ ಒಂದೇ ಕೊಳವೆಯಲ್ಲಿರುವುದು) ಹಾಕುವ ಬೇರೆ ಸಿಲಿಂಡರ್ ಕೂರಿಸಿ ಹೊಡೆಯುತ್ತಿದ್ದೆ. ಅವರು ಸೌಜನ್ಯದಿಂದಲೇ ಕೇಳಿದರು: "ಆ ಸಿಲಿಂಡರಿಗೆ ಕೊಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿದ್ದರೆ ತೋಟಾ ಹಾಕುವುದಕ್ಕೆಂದೇ ಮಾಡಿದ ರಿವಾಲ್ವರೇ ಬರುತ್ತಿತ್ತಲ್ಲ? ಇದು ಅದೂ ಅಲ್ಲ, ಇದೂ ಅಲ್ಲ."

ಲೆಕ್ಕ ಹಾಕಿದರೆ ಅವರ ಮಾತು ಸರಿ. ಇಂಥ ಸಿಲಿಂಡರ್ ಒಂದರ ಬೆಲೆ ಕೇಪಿನ ರಿವಾಲ್ವರಿನ ಬೆಲೆಗೆ ಹತ್ತಿರ ಹತ್ತಿರ ಬರುತ್ತದೆ. ಅವರು ಹೇಳಿದ ಆ ಇನ್ನೊಂದು ರಿವಾಲ್ವರ್, 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಪ್ರತಿಕೃತಿ, ಆ ಹೊತ್ತಿಗೆ ನನ್ನ ಚೀಲದೊಳಗೇ ಇತ್ತು. ಎರಡಕ್ಕೂ ಒಂದೇ ತೋಟಾ, 45 ಕೋಲ್ಟ್ (ಸುಮಾರು 0.45 ಇಂಚು ದಪ್ಪದ ಗುಂಡಿನದು). ಹಾಗಿದ್ದೂ ಆ ದಿನ ನಾನು ಮೊದಲು ಕೈಗೆತ್ತಿಕೊಂಡದ್ದು ರೆಮಿಂಗ್ಟನ್ನನ್ನೇ. ಯಾಕೆ ಎಂದು ಅವರಿಗೆ ನೆಟ್ಟಗೆ ಹೇಳಲಾಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ "ಅದೂ ಅಲ್ಲ, ಇದೂ ಅಲ್ಲ" ಎಂಬ ಮಾತು ಕೊರೆಯುತ್ತಲೇ ಇತ್ತು.

ನನ್ನ ಕೈಗೆ ಕೇಪಿನ ರಿವಾಲ್ವರ್ ಮೊದಲು ಬಂದದ್ದು ಕಾನೂನಿನ ಕಾರಣಕ್ಕೆ. ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆ 1898ರಲ್ಲಿ ಮತ್ತು ಅದಕ್ಕೂ ಹಿಂದೆ ತಯಾರಾದ ಕೋವಿಗಳನ್ನೂ ಕೇಪಿನ ಕೋವಿಗಳ ಹೊಸ ಪ್ರತಿಕೃತಿಗಳನ್ನೂ ಪುರಾತನ ಆಯುಧಗಳ ಲೆಕ್ಕಕ್ಕೆ ಹಾಕುತ್ತದೆ. ಫೆಡರಲ್ ಕಾನೂನಿನ ಅರ್ಥದಲ್ಲಿ ಅವು ಬಂದೂಕುಗಳೇ ಅಲ್ಲ. (ರಾಜ್ಯಗಳ ಕಾನೂನು ಬೇರೆ ಬೇರೆ. ಇದನ್ನು ಓದಿ ಯಾರೂ ಆತುರಪಡಬೇಡಿ.) ನನ್ನಂತೆ ಎಚ್-1ಬಿ ವೀಸಾದಲ್ಲಿ ಬಂದವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳ ಹೊರತು ತೋಟಾ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡಿಗಾಗಿ ಕಾಯುವುದೆಂದರೆ ಎಷ್ಟು ವರ್ಷ ಎನ್ನುವುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಆ ವರ್ಷಗಳಲ್ಲಿ ನನ್ನ ಹತ್ತಿರ ಇದ್ದದ್ದು ಈ ಕೇಪಿನ ರೆಮಿಂಗ್ಟನ್ ಒಂದೇ. ಅದಕ್ಕೆ ತೋಟಾ ಸಿಲಿಂಡರ್ ಕೂರಿಸಿದರೆ ಕಾನೂನಿನ ಕಣ್ಣಲ್ಲಿಯೂ ಅದು ಬಂದೂಕಾಗಿಬಿಡುತ್ತದೆ. ಹಾಗಾಗಿ ಕಾರ್ಡು ಕೈಗೆ ಬರುವ ತನಕ ಸಿಲಿಂಡರಿನ ಯೋಚನೆಯನ್ನೂ ಮಾಡಲಿಲ್ಲ.

ಇನ್ನೊಂದು ಕಾರಣ ತೀರ್ಥಹಳ್ಳಿ ಕಡೆಯದು.

ದೊಡ್ಡಪ್ಪನ ಈಡು

ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಬಂತೆಂದರೆ ಅದು ಠಾಣೆಗೆ ಹೋಗುತ್ತಿತ್ತು, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಅಡಿಕೆ ತೋಟಕ್ಕೆ ಮಂಗಗಳ ಹಿಂಡು ಇಳಿದಾಗ ಒಂದು ಈಡು ಸದ್ದು ಮಾಡಿ ಓಡಿಸುವುದೇ ಅದರ ಮುಖ್ಯ ಕೆಲಸ. ದೊಡ್ಡಪ್ಪ ಈಡು ತುಂಬುವುದನ್ನು ನೋಡಲಿಕ್ಕೆ ನಾನು ಜಗಲಿಯ ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದೆ. "ಈಡು ಮಾಡೋವಾಗ ಮಾತಾಡ್ಬಾರ್ದು" ಎನ್ನುತ್ತಿದ್ದರು. ಮದ್ದನ್ನು ಅಂಗೈ ಗುಳಿಯಲ್ಲಿ ಅಳೆದು ನಳಿಗೆಗೆ ಸುರಿಯುವುದು, ತೆಂಗಿನ ನಾರಿನ ಉಂಡೆ ಮಾಡಿ ಗಜದಿಂದ ಜಡಿಯುವುದು. ಗಜ ತಳ ಮುಟ್ಟಿ ಪುಟಿಯುವ ಸದ್ದು ಬದಲಾಗುತ್ತಾ ಬದಲಾಗುತ್ತಾ ಗಟ್ಟಿಯಾಗುತ್ತಿತ್ತು. ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಗಜವನ್ನು ಒಳಗೇ ಬಿಟ್ಟು ನಳಿಗೆಯ ಬಾಯಿಂದ ಹೊರಗೆ ಎಷ್ಟು ಉಳಿದಿದೆ ಎಂದು ಬೆರಳಿಟ್ಟು ಅಳೆಯುತ್ತಿದ್ದರು. ಮೂರು ಬೆರಳು, ನಾಲ್ಕು ಬೆರಳು. ಆ ಅಳತೆ ಒಪ್ಪಿಗೆಯಾಗದೆ ಅವರು ಅಂಗಳಕ್ಕೆ ಇಳಿದದ್ದನ್ನು ನಾನು ನೋಡಿಲ್ಲ. ಕೇಪು ಹಾಕುತ್ತಿದ್ದದ್ದು ತೋಟದ ಬೇಲಿ ದಾಟಿದ ಮೇಲೆಯೇ.

ಮಳೆಗಾಲದಲ್ಲಿ ಆ ಕೋವಿಯನ್ನು ನಂಬುವಂತಿರಲಿಲ್ಲ. ಕೇಪಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಹುದುಗಿಸಿಡುತ್ತಿದ್ದರು, ಆದರೂ ಆಷಾಢದ ತೇವ ಹೇಗೋ ಒಳಗೆ ನುಗ್ಗುತ್ತಿತ್ತು. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದು 'ಟಕ್' ಎಂದು ಸುಮ್ಮನಾಗುತ್ತಿತ್ತು. ಮಂಗಗಳು ಕದಲುತ್ತಿರಲಿಲ್ಲ. ದೊಡ್ಡಪ್ಪನ ಮಗ, ನಮ್ಮಣ್ಣ, ತೋಟಾ ಕೋವಿ ತೆಗೆದುಕೊಳ್ಳೋಣ ಎಂದು ವರ್ಷ ವರ್ಷವೂ ಹೇಳುತ್ತಿದ್ದ. ದೊಡ್ಡಪ್ಪ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದರು: "ಇದು ಹಾಳಾಗ್ಲಿ, ಆಮೇಲೆ ನೋಡೋಣ." ಅದು ಹಾಳಾಗಲಿಲ್ಲ.

ಈಗ ನಾನಿರುವ ಅರಿಜೋನಾದಲ್ಲಿ ತೇವದ ಮಾತೇ ಇಲ್ಲ. ಇಲ್ಲಿ ಕಷ್ಟ ತಿರುವುಮುರುವು. ಒಣ ಗಾಳಿಗೆ ಕರಿಮದ್ದು ಉರಿದು ಉಳಿಯುವ ಕಿಟ್ಟ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಹದಿನಾಲ್ಕು ವರ್ಷದ ಬೀಗ

ಕೇಪಿನ ರಿವಾಲ್ವರಿಗೆ ತೋಟಾ ಹಾಕುವ ಸಾಹಸ ಇಂದಿನ ಹವ್ಯಾಸಿಗಳು ಕಂಡುಹಿಡಿದದ್ದಲ್ಲ. ಇದಕ್ಕೆ ಒಂದು ಪೇಟೆಂಟಿನ ಕತೆ ಇದೆ. ಕೋಲ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ರಾಲಿನ್ ವೈಟ್ ಎಂಬಾತ 1855ರ ಏಪ್ರಿಲ್ 3ರಂದು ಒಂದು ಪೇಟೆಂಟ್ ಪಡೆದ. ಅದರಲ್ಲಿ ಬೆಲೆಬಾಳುವ ಸಂಗತಿ ಒಂದೇ: ಸಿಲಿಂಡರಿನಲ್ಲಿ ಗುಂಡು ಕೂರುವ ಗೂಡುಗಳನ್ನು ಹಿಂದಿನಿಂದ ಮುಂದಿನ ತನಕ ಆರಪಾರ ಕೊರೆಯುವುದು. ಕೇಪಿನ ರಿವಾಲ್ವರಿನಲ್ಲಿ ಗೂಡಿನ ಹಿಂಬದಿ ಮುಚ್ಚಿರುತ್ತದೆ, ಮದ್ದು ಗುಂಡು ಎರಡನ್ನೂ ಮುಂದಿನಿಂದಲೇ ತುಂಬಬೇಕು. ತೋಟಾವನ್ನು ಹಿಂದಿನಿಂದ ತೂರಿಸಬೇಕಾದರೆ ಆರಪಾರ ತೂತು ಬೇಕೇ ಬೇಕು. ಆ ತೂತಿನ ಹಕ್ಕನ್ನು ಸ್ಮಿತ್ ಅಂಡ್ ವೆಸನ್ ಕಂಪನಿ ಪಡೆದುಕೊಂಡಿತು, ರಿವಾಲ್ವರ್ ಒಂದಕ್ಕೆ 25 ಸೆಂಟಿನ ರಾಯಧನಕ್ಕೆ. 1857ರಲ್ಲಿ ಏಳು ಗುಂಡಿನ ಪುಟ್ಟ 22 ರಿವಾಲ್ವರ್ ಹೊರಬಂತು. ಒಪ್ಪಂದದಲ್ಲಿ ಇನ್ನೊಂದು ಕೊಕ್ಕೆ ಇತ್ತು. ಪೇಟೆಂಟನ್ನು ಉಲ್ಲಂಘಿಸಿದವರ ಮೇಲೆ ಕೇಸು ಹಾಕಿ ನಡೆಸುವ ಖರ್ಚೆಲ್ಲ ವೈಟನದೇ. ಪಾಪ, ಬಂದ ದುಡ್ಡಿನ ಬಹುಪಾಲು ವಕೀಲರ ಪಾಲಾಯಿತು.

ಹೀಗಾಗಿ 1861ರಿಂದ 1865ರ ತನಕ ನಡೆದ ಅಂತರ್ಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದ ರಿವಾಲ್ವರುಗಳು ಹೆಚ್ಚಾಗಿ ಕೇಪಿನವೇ. 1860ರ ಕೋಲ್ಟ್ ಆರ್ಮಿಯನ್ನೇ ಸರ್ಕಾರ ಲಕ್ಷಕ್ಕೂ ಹೆಚ್ಚು ಕೊಂಡಿತ್ತು. ಯುದ್ಧ ಮುಗಿದಾಗ ಉಗ್ರಾಣದ ತುಂಬ ಚೆನ್ನಾಗಿ ಕೆಲಸ ಮಾಡುವ, ಆದರೆ ಕಾಲ ಮೀರಿದ ಕೋವಿಗಳು. 1868ರಲ್ಲಿ ರೆಮಿಂಗ್ಟನ್ ಕಂಪನಿ ಸ್ಮಿತ್ ಅಂಡ್ ವೆಸನ್‌ಗೆ ಹಣ ಕಟ್ಟಿ, ತನ್ನ ಕೇಪಿನ ರಿವಾಲ್ವರುಗಳನ್ನು 46ರ ತೋಟಾಕ್ಕೆ ಬದಲಾಯಿಸಿ ಕೊಡಲು ಶುರು ಮಾಡಿತು. ತೋಟಾದ ಅಂಚು ಅಗಲ, ಹಳೆಯ ಸಿಲಿಂಡರಿನ ಸುತ್ತಳತೆ ಕಡಿಮೆ. ಹಾಗಾಗಿ ಆರು ಗುಂಡಿನ ಜಾಗದಲ್ಲಿ ಐದು. ಅದೇ ವರ್ಷ ಕೋಲ್ಟ್‌ನವರು ಪೇಟೆಂಟಿನಿಂದ ತಪ್ಪಿಸಿಕೊಳ್ಳಲು ಮುಂದಿನಿಂದಲೇ ತೂರಿಸುವ ಓರೆ ಆಕಾರದ ತೋಟಾ ಮಾಡಿದರು. ಥೂಯರ್ ಎಂಬುವವನ ಹೆಸರಿನ ಆ ಉಪಾಯ ಹೆಚ್ಚು ದಿನ ಬಾಳಲಿಲ್ಲ.

1869ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅದನ್ನು ಮುಂದುವರಿಸಿಕೊಳ್ಳಲು ವೈಟ್‌ಗೆ ಅವಕಾಶ ಕೊಡುವ ಮಸೂದೆಯನ್ನು ಅಮೆರಿಕದ ಸಂಸತ್ತು ಕಾಂಗ್ರೆಸ್ ಒಪ್ಪಿದರೂ 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟ್ ತಡೆಹಿಡಿದರು. ಆಮೇಲೆ ಬೀಗ ತೆಗೆದಂತಾಯಿತು. ಕೋಲ್ಟ್ ಕಾರ್ಖಾನೆಯ ಚಾರ್ಲ್ಸ್ ರಿಚರ್ಡ್ಸ್ 1871ರಲ್ಲಿ ಪೇಟೆಂಟ್ ಮಾಡಿದ ಕ್ರಮ ನನಗೆ ಬಹಳ ಇಷ್ಟ. ಹಳೆಯ ಸಿಲಿಂಡರಿನ ಹಿಂಭಾಗವನ್ನು ಕತ್ತರಿಸಿ, ಆ ಜಾಗಕ್ಕೆ ಒಂದು ಉಕ್ಕಿನ ಬಳೆ ಕೂರಿಸಿ, ಅದಕ್ಕೆ ತೋಟಾ ತೂರಿಸುವ ಬಾಗಿಲು ಮಾಡಿ, ಗುಂಡು ಜಡಿಯುವ ಸನ್ನೆ (ಸನ್ನೆಕೋಲು) ಇದ್ದ ಜಾಗದಲ್ಲಿ ಖಾಲಿ ತೋಟಾ ತಳ್ಳುವ ಕಡ್ಡಿ ಇಟ್ಟ. ವಿಲಿಯಂ ಮೇಸನ್ ಮರುವರ್ಷ ಅದನ್ನು ಇನ್ನೂ ಸರಳ ಮಾಡಿದ. ಸೈನ್ಯವೂ ಸಾವಿರದಷ್ಟು ಹಳೆಯ ಕೋಲ್ಟ್‌ಗಳನ್ನು ಹೀಗೆ ಬದಲಾಯಿಸಿಕೊಂಡಿತು. 1873ರಲ್ಲಿ ಸಿಂಗಲ್ ಆಕ್ಷನ್ ಆರ್ಮಿ ಬಂತು. ಕೇಪು ಮತ್ತು ತೋಟಾಗಳ ನಡುವಿನ ಈ ಹೊಸ್ತಿಲ ಕಾಲ ನಾಲ್ಕೈದು ವರ್ಷದ್ದು, ಅಷ್ಟೇ.

ಒಂದೇ ತೋಟಾ, ಎರಡು ಕೈ

ರೇಂಜಿನಲ್ಲಿ ಆ ಮಾತು ಕೇಳಿದ ಮೇಲೆ ನಾಲ್ಕು ವಾರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೊಡೆದೆ. ಕರಿಮದ್ದು ತುಂಬಿದ 45 ಕೋಲ್ಟ್ ತೋಟಾ, 250 ಗ್ರೇನ್ ತೂಕದ ಸೀಸದ ಗುಂಡು, 45 ಅಡಿ ದೂರದ ಕಾಗದ.

ತುಂಬುವುದರಲ್ಲೇ ವ್ಯತ್ಯಾಸ ಶುರು. 1873ರದ್ದಕ್ಕೆ ಕುದುರೆಯನ್ನು ಅರ್ಧ ಎಳೆದು, ಬಲಗಡೆಯ ಪುಟ್ಟ ಬಾಗಿಲು ತೆರೆದು, ಸಿಲಿಂಡರನ್ನು ಬೆರಳಿನಿಂದ ತಿರುಗಿಸುತ್ತಾ ಒಂದೊಂದೇ ತೋಟಾ ಇಳಿಸಿದರಾಯಿತು. ಹೊಡೆದಾದ ಮೇಲೆ ನಳಿಗೆಯ ಪಕ್ಕದ ಕಡ್ಡಿಯಿಂದ ತಳ್ಳಿದರೆ ಖಾಲಿ ತೋಟಾ ಹೊರಗೆ ಬೀಳುತ್ತದೆ. ಕೋವಿ ಕೈಯಿಂದ ಕದಲಬೇಕಿಲ್ಲ. ರೆಮಿಂಗ್ಟನ್ನಿನಲ್ಲಿ ಸನ್ನೆ ಇಳಿಸಿ, ಸಿಲಿಂಡರ್ ತಿರುಗುವ ನಡುವಿನ ಅಚ್ಚನ್ನು ಮುಂದಕ್ಕೆ ಎಳೆದು, ಸಿಲಿಂಡರನ್ನು ಹೊರಕ್ಕೆ ಉರುಳಿಸಿಕೊಳ್ಳಬೇಕು. ಅದರ ಹಿಂಬದಿಯ ಮುಚ್ಚಳ ತೆಗೆದರೆ ಗೂಡುಗಳು ಕಾಣುತ್ತವೆ. ತೋಟಾಗಳನ್ನು ಇಳಿಸಿ, ಮುಚ್ಚಳ ಕೂರಿಸಿ, ಮತ್ತೆ ಚೌಕಟ್ಟಿನೊಳಗೆ ಸೇರಿಸಬೇಕು. ನನ್ನದರ ಮುಚ್ಚಳದಲ್ಲಿ ಗೂಡಿಗೊಂದರಂತೆ ಸೂಜಿಗಳಿವೆ, ಕುದುರೆ ಬಿದ್ದು ಆ ಸೂಜಿ ತೋಟಾದ ಬೆನ್ನಿಗೆ ಚುಚ್ಚುತ್ತದೆ. ಹೊಡೆದಾದ ಮೇಲೆ ಇದೆಲ್ಲವನ್ನೂ ತಿರುಗಿ ಮಾಡಬೇಕು. ಚೌಕಟ್ಟು ಕೊರೆದು ಬಾಗಿಲು ಮಾಡಿಕೊಳ್ಳುವ ಬಗೆಯ ಸಿಲಿಂಡರೂ ಸಿಗುತ್ತದೆ. ನನಗೆ ಚೌಕಟ್ಟನ್ನು ಕೊರೆಯಲು ಮನಸ್ಸಾಗಲಿಲ್ಲ, ಯಾಕೆಂದರೆ ಬೇಕಾದಾಗ ಅದು ಮತ್ತೆ ಕೇಪಿನ ಕೋವಿಯಾಗಬೇಕು. ಒಂದು ಮಾತು ಇಲ್ಲೇ ಹೇಳಬೇಕು: ಉಕ್ಕಿನ ಚೌಕಟ್ಟಿನದ್ದಕ್ಕೆ ಮಾತ್ರ ಇದು ಸಲ್ಲುತ್ತದೆ. ಹಿತ್ತಾಳೆ ಚೌಕಟ್ಟಿನ ಕೇಪಿನ ರಿವಾಲ್ವರಿಗೆ ತೋಟಾ ಸಿಲಿಂಡರ್ ಹಾಕಲೇಬಾರದು. ಉಕ್ಕಿನದ್ದಕ್ಕೂ ಕಡಿಮೆ ಒತ್ತಡದ ತೋಟಾವೇ ಆಗಬೇಕು.

ಹಿಡಿಯ ವಿಷಯಕ್ಕೆ ಬಂದರೆ, 1873ರದ್ದು ಗೆದ್ದಿತು ಎನ್ನುವುದಕ್ಕಿಂತ 1851ರ ಕೋಲ್ಟ್ ನೇವಿ ಗೆದ್ದಿತು ಎನ್ನಬೇಕು. ಆ ಕೇಪಿನ ರಿವಾಲ್ವರಿನ ಹಿಡಿಯನ್ನೇ ಹೊಸದಕ್ಕೂ ಹಾಗೆಯೇ ಉಳಿಸಿಕೊಂಡರು. ಗುಂಡು ಹಾರಿದಾಗ ಹಿಡಿ ಅಂಗೈಯಲ್ಲಿ ಮೆಲ್ಲಗೆ ಮೇಲಕ್ಕೆ ಹೊರಳುತ್ತದೆ, ಮುಂದಿನ ಸಲ ಕುದುರೆ ಎಳೆಯಲು ಹೆಬ್ಬೆರಳು ತಾನಾಗಿಯೇ ಜಾಗಕ್ಕೆ ಬಂದಿರುತ್ತದೆ. ರೆಮಿಂಗ್ಟನ್ನಿನಲ್ಲಿ ಟ್ರಿಗರಿನ ಬಳೆಗೂ ಹಿಡಿಗೂ ನಡುವೆ ಜಾಗ ಕಡಿಮೆ. ಕೇಪಿನ ಸಿಲಿಂಡರಿನಲ್ಲಿ 140 ಗ್ರೇನಿನ, ಎಂದರೆ ಸುಮಾರು 9 ಗ್ರಾಂ ತೂಕದ ಉಂಡೆ ಗುಂಡು ಹೊಡೆಯುವಾಗ ಇದು ಗೊತ್ತೇ ಆಗುವುದಿಲ್ಲ. 250 ಗ್ರೇನ್ ಎಂದರೆ 16 ಗ್ರಾಂ. ಎರಡನೇ ಸುತ್ತಿಗೆ ನನ್ನ ನಡುಬೆರಳಿನ ಗೆಣ್ಣು ಬಳೆಗೆ ಬಡಿದು ಬಡಿದು ಕೆಂಪಾಗಿತ್ತು.

ಗುರಿಯಲ್ಲೂ ಈ ತೂಕ ಕಾಣಿಸಿತು. ಭಾರದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಅದು ಹೊರಬೀಳುವಷ್ಟರಲ್ಲಿ ಕೋವಿಯ ಮೂತಿ ತುಸು ಮೇಲೆದ್ದಿರುತ್ತದೆ. ಉಂಡೆ ಗುಂಡಿಗೆ ಹೊಂದಿಸಿದ ನನ್ನ ರೆಮಿಂಗ್ಟನ್, ತೋಟಾ ಸಿಲಿಂಡರಿನಲ್ಲಿ ಅದೇ ಗುರಿಗೆ ಒಂದು ಗೇಣು ಮೇಲೆ ಹೊಡೆಯಿತು. ಆದರೆ ಐದು ತೂತುಗಳೂ ಒಂದು ಅಂಗೈಯಡಿ ಮುಚ್ಚುವಷ್ಟು ಹತ್ತಿರ ಇದ್ದವು. 1873ರದ್ದು ಅಷ್ಟೇ ಹತ್ತಿರ, ಗುರಿಯ ನಡುವೆಗೆ.

ಗುಂಡು ಮತ್ತು ನಳಿಗೆ

ಇಲ್ಲಿ ತುಸು ನಿಲ್ಲಬೇಕು. ಪರಿವರ್ತಿತ ರಿವಾಲ್ವರುಗಳ ಬಗ್ಗೆ ಜನ "ಗುರಿ ಇರುವುದಿಲ್ಲ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ಕೇಳಿದ್ದೇನೆ. ಕಾರಣ ಕೋವಿ ಹಳೆಯದೆಂದಲ್ಲ. ಗುಂಡಿಗೂ ನಳಿಗೆಗೂ ಹೊಂದಿಕೆ ಇದೆಯೇ ಎನ್ನುವುದು ಒಂದೇ ಪ್ರಶ್ನೆ.

ಕೇಪಿನ ರಿವಾಲ್ವರಿನಲ್ಲಿ ಉಂಡೆ ಗುಂಡು ಗೂಡಿನ ಬಾಯಿಗಿಂತ ಕೂದಲೆಳೆಯಷ್ಟು ದಪ್ಪ. ಸನ್ನೆಯಿಂದ ಒತ್ತಿದಾಗ ಸೀಸದ ತೆಳ್ಳನೆಯ ಉಂಗುರವೊಂದು ಹೆರೆದು ಹೊರಬರುತ್ತದೆ. ಆ ಉಂಗುರ ಬಂತೆಂದರೆ ಗುಂಡು ಬಿಗಿಯಾಗಿ ಕೂತಿತೆಂದು ಅರ್ಥ. ನನ್ನ ಮಗಳಿಗೆ ಆ ಉಂಗುರಗಳನ್ನು ಮೇಜಿನಿಂದ ಆಯ್ದು ಡಬ್ಬಿಗೆ ಹಾಕುವುದೇ ಆಸೆ. ಸೀಸವನ್ನು ಮುಟ್ಟಬಾರದೆಂದು ನಾನೇ ಚಿಮಟದಲ್ಲಿ ಎತ್ತಿ ತೋರಿಸುತ್ತೇನೆ. 44 ಎಂದು ಕರೆಯುವ ಕೇಪಿನ ರಿವಾಲ್ವರಿಗೆ ನಿಜದಲ್ಲಿ ಬೇಕಾಗುವ ಉಂಡೆ 0.451ರಿಂದ 0.454 ಇಂಚಿನದು. 45 ಕೋಲ್ಟ್ ಗುಂಡಿನ ಅಳತೆಯೂ ಹೆಚ್ಚು ಕಡಿಮೆ ಅದೇ. ಆದ್ದರಿಂದ ನನ್ನ ರೆಮಿಂಗ್ಟನ್ ಸಿಲಿಂಡರ್ ಬದಲಿಸಿದರೂ ಚೆನ್ನಾಗಿ ಹೊಡೆಯುತ್ತದೆ.

36ರ ನೇವಿ ಮಾದರಿಯ ಕತೆಯೇ ಬೇರೆ. ಅದರ ಉಂಡೆ 0.375 ಇಂಚು. ಅದಕ್ಕೆ ಸಿಗುವ ತೋಟಾ ಸಿಲಿಂಡರುಗಳು 38ರ ತೋಟಾದವು, ಗುಂಡು 0.358. ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಮುಟ್ಟದೆ ಸಡಿಲವಾಗಿ ಜಾರಿಹೋದರೆ ತಿರುಗುವುದೆಲ್ಲಿಂದ, ನೆಟ್ಟಗೆ ಹೋಗುವುದೆಲ್ಲಿಂದ? ಹಿಂಬದಿ ಟೊಳ್ಳಾದ ಮೆದು ಸೀಸದ ಗುಂಡು ಹಾಕಿದರೆ ಮದ್ದಿನ ಒತ್ತಡಕ್ಕೆ ಅದರ ಹಿಂಬದಿಯ ಅಂಚು ಲಂಗದಂತೆ ಅರಳಿ ನಳಿಗೆಯನ್ನು ಹಿಡಿದುಕೊಳ್ಳುತ್ತದೆ, ಆಗ ಗುರಿ ಸಿಗುತ್ತದೆ. 1870ರ ದಶಕದವರು ಇದನ್ನು ಬೇರೆ ರೀತಿ ಬಗೆಹರಿಸಿದ್ದರು. ಗುಂಡಿನ ಮೈಯನ್ನು ತೋಟಾದ ಕೊಳವೆಯಷ್ಟೇ ದಪ್ಪ ಮಾಡಿ, ಅದರ ಬಾಲವನ್ನು ಮಾತ್ರ ಸಣ್ಣಗೆ ಮಾಡಿ ಕೊಳವೆಯೊಳಗೆ ತೂರಿಸುತ್ತಿದ್ದರು. ಹಳೆಯ ನಳಿಗೆ ತುಂಬುವಷ್ಟು ಗುಂಡೂ ಆಯಿತು, ಹಳೆಯ ಗೂಡಿಗೆ ಹಿಡಿಸುವ ತೋಟಾವೂ ಆಯಿತು. ಇಂದಿಗೂ 22 ಲಾಂಗ್ ರೈಫಲ್ ತೋಟಾವನ್ನು ಕೈಯಲ್ಲಿ ಹಿಡಿದು ನೋಡಿ, ಗುಂಡೂ ಹಿತ್ತಾಳೆಯೂ ಒಂದೇ ದಪ್ಪ. ತೊಂದರೆ ಏನೆಂದರೆ ಅಂಥ ಗುಂಡಿಗೆ ಹಚ್ಚಿದ ಜಿಡ್ಡು ಹೊರಗೇ ಇರುತ್ತದೆ. ಜೇಬಿನ ಧೂಳು, ಮರಳು ಎಲ್ಲ ಅದಕ್ಕೆ ಮೆತ್ತಿಕೊಳ್ಳುತ್ತದೆ. 45 ಕೋಲ್ಟ್ ತೋಟಾ ಬಂದಾಗ ಗುಂಡಿನ ಮೈಯೂ ಜಿಡ್ಡೂ ಕೊಳವೆಯ ಒಳಗೆ ಹೋದವು.

ಹೀಗೆ ಒಂದೊಂದನ್ನೇ ನೋಡುತ್ತಾ ಹೋದಾಗ ಆ ಹಿರಿಯರಿಗೆ ಕೊಡಬೇಕಿದ್ದ ಉತ್ತರ ನನಗೆ ಹೊಳೆಯತೊಡಗಿತು. ರೆಮಿಂಗ್ಟನ್ನಿನಲ್ಲಿ ನನ್ನ ಕೈಗೆ ತಾಗುವ ಒಂದೊಂದು ಕಷ್ಟಕ್ಕೂ 1873ರದ್ದರಲ್ಲಿ ಒಂದೊಂದು ಉತ್ತರ ಇದೆ. ಗೆಣ್ಣಿಗೆ ತಾಗುವ ಬಳೆಗೆ ಉತ್ತರ ಆ ಹಿಡಿ. ಸಿಲಿಂಡರ್ ಕಳಚುವ ಕೆಲಸಕ್ಕೆ ಉತ್ತರ ಆ ಬಾಗಿಲು ಮತ್ತು ಕಡ್ಡಿ. ಬರೀ 1873ರದ್ದನ್ನು ಹೊಡೆಯುತ್ತಿದ್ದಾಗ ಅವು ಯಾವುವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಇರುವುದೇ ಹಾಗೆ ಎಂದುಕೊಂಡಿದ್ದೆ. ಪ್ರಶ್ನೆಯನ್ನು ಕೈಯಲ್ಲಿ ಹಿಡಿದ ಮೇಲೆ ಉತ್ತರದ ಬೆಲೆ ಗೊತ್ತಾಯಿತು.

ಕಿಟ್ಟ

ಅತ್ಯಂತ ಸ್ಪಷ್ಟವಾಗಿ ಗೊತ್ತಾದದ್ದು ಕಿಟ್ಟದ ವಿಷಯದಲ್ಲಿ. ಕರಿಮದ್ದು ಉರಿದರೆ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಅದು ಎಲ್ಲ ದಿಕ್ಕಿಗೂ ಚಿಮ್ಮುತ್ತದೆ. ರೆಮಿಂಗ್ಟನ್ನಿನಲ್ಲಿ ನೇರ ಹೋಗಿ ಬೀಳುವುದು ಸಿಲಿಂಡರ್ ತಿರುಗುವ ಅಚ್ಚಿನ ಮೇಲೆ. ಅರಿಜೋನಾದ ಒಣ ಗಾಳಿಯಲ್ಲಿ ಮೂರನೇ ಸುತ್ತು ಮುಗಿಯುವುದರೊಳಗೆ ಕುದುರೆ ಎಳೆಯಲು ಎರಡು ಹೆಬ್ಬೆರಳ ಬಲ ಬೇಕಾಯಿತು. ಅಚ್ಚನ್ನು ಹೊರಗೆಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಜಿಡ್ಡು ಹಚ್ಚಿದೆ, ಮತ್ತೆ ಸಲೀಸಾಯಿತು. 1873ರದ್ದರ ಸಿಲಿಂಡರಿನ ಮುಂದೆ, ಅಚ್ಚಿನ ಸುತ್ತ, ಒಂದು ಪುಟ್ಟ ಕೊರಳು ಮುಂದಕ್ಕೆ ಚಾಚಿಕೊಂಡಿದೆ. ಹೊಗೆ ಆ ಕೊರಳಿಗೆ ಬಡಿದು ಪಕ್ಕಕ್ಕೆ ಹೋಗುತ್ತದೆ, ಅಚ್ಚು ಶುದ್ಧ ಉಳಿಯುತ್ತದೆ. ಎಂಟು ಸುತ್ತು ಹೊಡೆದರೂ ಕುದುರೆ ಮೊದಲಿನಷ್ಟೇ ಹಗುರ. ಕಿರುಬೆರಳಿನ ಉಗುರಿನಷ್ಟು ಉಕ್ಕು ಅದು. ಅದನ್ನು ಅಲ್ಲಿ ಇಡಬೇಕೆಂದು ಹೊಳೆದವನಿಗೆ ಎಷ್ಟು ಬಾರಿ ಸಿಲಿಂಡರ್ ಕಚ್ಚಿಕೊಂಡಿತ್ತೋ.

ಇಷ್ಟಾದ ಮೇಲೂ, ಕೇವಲ ಕಾಗದಕ್ಕೆ ಗುಂಡು ಹೊಡೆಯಬೇಕು, ಒಂದೇ ಕೋವಿ ಸಾಕು ಎನ್ನುವವರಿಗೆ ನಾನು ಹೇಳುವುದು 1873ರದ್ದನ್ನೇ. ಕೌಬಾಯ್ ಶೂಟಿಂಗ್ ಸ್ಪರ್ಧೆಗಳಲ್ಲಿ, ಹತ್ತೊಂಬತ್ತನೇ ಶತಮಾನದ ಉಡುಪು ತೊಟ್ಟು ಗಡಿಯಾರದ ವಿರುದ್ಧ ಹೊಡೆಯುವವರಿಗಂತೂ ಬೇರೆ ಮಾತೇ ಇಲ್ಲ. ಆದರೆ ಮನೆಯಲ್ಲಿ ಈಗಾಗಲೇ ಒಳ್ಳೆಯ ಉಕ್ಕಿನ ಕೇಪಿನ ರಿವಾಲ್ವರ್ ಇದ್ದರೆ, ಅದಕ್ಕೊಂದು ತೋಟಾ ಸಿಲಿಂಡರ್ ಕೊಳ್ಳುವುದು ದುಡ್ಡು ಸುರಿದಂತೆ ಎಂದು ನನಗನ್ನಿಸುವುದಿಲ್ಲ. ಬೆಳಿಗ್ಗೆ ಉಂಡೆ ಗುಂಡು, ಮಧ್ಯಾಹ್ನ ತೋಟಾ. ನಡುವೆ ಬದಲಾಗುವುದು ಒಂದು ಸಿಲಿಂಡರ್. ಅಮೆರಿಕದವರು ಉಗ್ರಾಣದ ಕೋವಿಗಳನ್ನು ಎಸೆಯಲಾಗದೆ ಕತ್ತರಿಸಿ ಜೋಡಿಸಿದ ಆ ನಾಲ್ಕೈದು ವರ್ಷಗಳು ಆ ಒಂದು ಮಧ್ಯಾಹ್ನದಲ್ಲಿ ಕೈಗೆ ಸಿಗುತ್ತವೆ.

ಹೋದ ಭಾನುವಾರ ಅಡಿಗೆಮನೆಯ ಸಿಂಕಿನಲ್ಲಿ ಬಿಸಿನೀರು, ಸೋಪು ಹಾಕಿ ಎರಡೂ ಸಿಲಿಂಡರ್ ತೊಳೆಯುತ್ತಿದ್ದೆ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಮನೆಯೆಲ್ಲ ಹರಡಿತ್ತು. ದೊಡ್ಡಪ್ಪನ ಜಗಲಿಯಲ್ಲೂ ಕೋವಿ ತೊಳೆದ ದಿನ ಇದೇ ವಾಸನೆ. ಅಣ್ಣನಿಗೆ ವಿಡಿಯೊ ಕರೆ ಮಾಡಿ, ಫೋನನ್ನು ದೊಡ್ಡಪ್ಪನ ಕೈಗೆ ಕೊಡಲು ಹೇಳಿದೆ. ಈಗ ಅವರಿಗೆ ಎಂಬತ್ತನಾಲ್ಕು. ಕೇಪಿನ ಸಿಲಿಂಡರ್ ಎತ್ತಿ ತೋರಿಸಿದೆ, ತೋಟಾ ಸಿಲಿಂಡರ್ ಎತ್ತಿ ತೋರಿಸಿದೆ, ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದನ್ನೂ ತೋರಿಸಿದೆ. ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರಕ್ಕೆ ಬಂದು ನೋಡಿದರು.

"ಮಳೇಲಿ ನೆನೆದ್ರೆ?" ಎಂದರು.

"ತೋಟಾ ಹಾಕಿದ್ರೆ ತೊಂದ್ರೆ ಇಲ್ಲ ದೊಡ್ಡಪ್ಪ."

"ಹಂಗಾರೆ ಮಳೆಗಾಲಕ್ಕೆ ಅದು, ಬೇಸಿಗೆಗೆ ಇದು" ಎಂದು ಅವರೇ ತೀರ್ಮಾನ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕೇಪಿನದ್ದಕ್ಕೆ ಈಡು ಎಷ್ಟು ಬೆರಳು ಹಿಡೀತದೆ ಮಾರಾಯ?"

ಗೂಡಿನೊಳಗೆ ಬೆರಳಿಟ್ಟು ಅಳೆದು ಹೇಳಿದೆ.